ಸೂಪಾದ ಹೂಳಿನ ಮೇಲೆ ಮೂರು ಹಿಡಿ ಮಣ್ಣು

2024ರ ಬೇಸಿಗೆ. ನಾನಾಗ ಧಾರವಾಡದಲ್ಲಿ ಸರ್ಕಾರದ ಒಂದು ದೂರ ಸಂವೇದಿ ಕಚೇರಿಯಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಅಂಥ ಹೊತ್ತಿನಲ್ಲಿ ಯಾರನ್ನೂ ಊರೂರು ಅಲೆಸುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಬೇಕಾದಲ್ಲಿ ಸಹಿ ಹಾಕಿಸಿಕೊಂಡು, ಕೊನೆಗೆ ಒಂದು ಶಾಲು ಹೊದಿಸಿ ಕಳಿಸುತ್ತಾರೆ. ಆದರೆ ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಸೂಪಾ ಜಲಾಶಯದ ನೀರು ಬಹಳ ಕೆಳಗಿಳಿದಿತ್ತು. ಜಲಾಶಯದ ಹೂಳು ಅಳೆಯುವುದಕ್ಕೆ ಇಂಥ ವರ್ಷ ಮತ್ತೆ ಯಾವಾಗ ಸಿಗುತ್ತದೋ ಯಾರಿಗೂ ಗೊತ್ತಿಲ್ಲ. ನಾನೇ ಕೇಳಿಕೊಂಡು ಆ ಕೆಲಸ ತೆಗೆದುಕೊಂಡೆ. ಹಳಿಯಾಳದಲ್ಲಿ ಹುಟ್ಟಿದವಳು ನಾನು. ಕಾಳಿ ಹೊಳೆಯ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವ ಮನಸ್ಸು ಬರಲಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ರಿಮೋಟ್ ಸೆನ್ಸಿಂಗ್ ಅಂದರೆ ಮುಟ್ಟದೆ ತಿಳಿಯುವುದು. ನಮ್ಮವ್ವ ಹಂಚಿನ ಮೇಲಿನ ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ಬಣ್ಣ ನೋಡಿಯೇ ಹೇಳುತ್ತಿದ್ದಳಲ್ಲ, ಹಾಗೆ. ಉಪಗ್ರಹದಲ್ಲಿರುವ ಕ್ಯಾಮೆರಾ ನೆಲದ ಮೇಲೆ ಬಿದ್ದು ವಾಪಸ್ ಬರುವ ಬಿಸಿಲನ್ನು ಅಳೆಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಷ್ಟೇ ಅಲ್ಲ, ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಅಳೆಯುತ್ತದೆ. ಹಸಿರೆಲೆ ಈ ಇನ್‌ಫ್ರಾರೆಡ್ಡನ್ನು ಜೋರಾಗಿ ವಾಪಸ್ ಕಳಿಸುತ್ತದೆ. ನೀರು ಅದನ್ನು ನುಂಗಿಬಿಡುತ್ತದೆ. ಇನ್‌ಫ್ರಾರೆಡ್ಡಿಗೆ ನಾವು ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡುವುದರಿಂದ ದಾಂಡೇಲಿಯ ಕಾಡು ನಮ್ಮ ಪರದೆಯ ಮೇಲೆ ಕುಂಕುಮ ಚೆಲ್ಲಿದ ಹಾಗಿರುತ್ತದೆ, ಜಲಾಶಯ ಕಪ್ಪಗಿರುತ್ತದೆ. ಹೊಸದಾಗಿ ನೋಡಿದವರು ಕಾಡಿಗೆ ಬೆಂಕಿ ಬಿದ್ದಿದೆ ಎಂದುಕೊಳ್ಳುತ್ತಾರೆ.

ಈ ಚಿತ್ರಗಳಿಂದ ನನ್ನ ಸೀಮೆಯಲ್ಲೇ ಎಷ್ಟೋ ಕೆಲಸ ಮಾಡಿದ್ದೇವೆ. ಹಳಿಯಾಳದಲ್ಲಿ ಭತ್ತದ ಗದ್ದೆ ಎಷ್ಟು ಕಬ್ಬಿಗೆ ತಿರುಗಿತು, ಮುಂಡಗೋಡದ ಕೆರೆಗಳಲ್ಲಿ ಯಾವುದು ಬೇಸಿಗೆತನಕ ನೀರು ಹಿಡಿಯುತ್ತದೆ, ಜೋಯಿಡಾದ ಕಾಡಿನಲ್ಲಿ ಎಲ್ಲಿ ಬೆಂಕಿ ಎದ್ದಿದೆ, ಇವೆಲ್ಲ ಆಕಾಶದಿಂದ ಗೊತ್ತಾಗುತ್ತವೆ. ಗೊತ್ತಾಗದ್ದೂ ಬಹಳ ಇದೆ. ಮದುವೆ ಮನೆಯಲ್ಲಿ ಸಿಕ್ಕ ಸೋದರಮಾವ ಒಬ್ಬರು, “ಏನವಾ, ನಿಮ್ಮ ಉಪಗ್ರಹಕ್ಕ ನಮ್ಮ ತಪ್ಪಿಸಿಕೊಂಡ ಎಮ್ಮಿ ಕಾಣಸ್ತೈತೇನು?” ಎಂದು ಕೇಳಿದ್ದರು. ಕಾಣುವುದಿಲ್ಲ ಮಾವ ಎಂದೆ. ನಾವು ದಿನವೂ ಬಳಸುವ ಚಿತ್ರದಲ್ಲಿ ಒಂದು ಪಿಕ್ಸೆಲ್, ಅಂದರೆ ಒಂದು ಚುಕ್ಕೆ, ನೆಲದ ಮೇಲೆ ಹತ್ತು ಮೀಟರ್ ಉದ್ದ ಹತ್ತು ಮೀಟರ್ ಅಗಲದ ಚೌಕ. ಆ ಚೌಕದೊಳಗೆ ಎಮ್ಮೆ, ಗೂಟ, ಮೇವಿನ ಗ್ವಾದಲಿ, ಹಾಲು ಹಿಂಡುವವಳು ಎಲ್ಲ ಸೇರಿ ಒಂದೇ ಬಣ್ಣ. “ಮತ್ತ ಅಷ್ಟ ದೊಡ್ಡ ರಾಕೆಟ್ ಯಾಕ ಬಿಟ್ಟೀರಿ?” ಎಂದು ಮಾವ ನಕ್ಕರು.

ಅದಕ್ಕೇ ನಮ್ಮ ಕೆಲಸದಲ್ಲಿ ಗ್ರೌಂಡ್ ಟ್ರುತ್ ಎಂಬುದೊಂದಿದೆ. ಪರದೆಯ ಮೇಲೆ ಕಂಡದ್ದನ್ನು ನೆಲದ ಮೇಲೆ ಹೋಗಿ ನೋಡಿ ಖಾತ್ರಿ ಮಾಡಿಕೊಳ್ಳುವುದು. ಜಿಪಿಎಸ್ ಹಿಡಿದು, ಆ ಬಿಂದುವಿನ ಮೇಲೇ ನಿಂತು, ಅಲ್ಲಿ ಏನಿದೆಯೋ ಅದನ್ನು ಬರೆದುಕೊಳ್ಳಬೇಕು. ಕೇಳಲಿಕ್ಕೆ ಸುಲಭ. ಆದರೆ ಮೇ ತಿಂಗಳ ಬಿಸಿಲಿನಲ್ಲಿ ಗದ್ದೆ ಬದು ದಾಟಿ, ಮುಳ್ಳುಕಂಟಿ ಹಾದು ಹೋಗುವುದು ಯಾರಿಗೆ ಬೇಕು? ಜೀಪಿನಲ್ಲಿ ಕೂತೇ ಕೈ ಚಾಚಿ “ಅದು ಗೋವಿನಜೋಳ, ಅದು ಭತ್ತ” ಎಂದು ಗುರುತು ಹಾಕುವವರು ಬಹಳ. ಒಮ್ಮೆ ನನ್ನ ಕೈಕೆಳಗಿನ ಒಬ್ಬ ಮುಂಡಗೋಡದಲ್ಲಿ ಹಾಗೆ ಮಾಡಿದ್ದ. ಅವನನ್ನು ಧಾರವಾಡದಿಂದ ಬಸ್ಸಿನಲ್ಲಿ ವಾಪಸ್ ಕಳಿಸಿ ಒಂದೊಂದು ಬಿಂದುವಿನ ಮೇಲೂ ನಿಲ್ಲಿಸಿದೆ. ಕಚೇರಿಯಲ್ಲಿ ನನ್ನನ್ನು ಬೆನ್ನ ಹಿಂದೆ ಏನೇನು ಕರೆಯುತ್ತಿದ್ದರೆಂದು ನನಗೆ ಗೊತ್ತು. ನಿಲ್ಲದ ಬಿಂದುವನ್ನು ಗುರುತು ಮಾಡಬಾರದು, ಇಷ್ಟೇ ನನ್ನ ಹಟ.

ಸೂಪಾ ಕೆಲಸಕ್ಕೆ ದಾಂಡೇಲಿಯಲ್ಲಿ ಜೀಪು ಬಾಡಿಗೆಗೆ ಹಿಡಿದೆವು. ಜೀಪಿನ ಮಾಲೀಕರೂ ಚಾಲಕರೂ ಒಬ್ಬರೇ, ದಾವಲಸಾಬ. ಬಂಗೂರನಗರದ ಹತ್ತಿರ ಅವರದೊಂದು ಗ್ಯಾರೇಜು. ಕಾಗದ ಕಾರ್ಖಾನೆಯ ಪಾಳಿ ಮುಗಿಸಿ ಬರುವವರ ಬೈಕು, ಕಟ್ಟಿಗೆ ಲಾರಿ, ಆಟೋ ಎಲ್ಲ ರಿಪೇರಿ ಮಾಡುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ, ಆದರೆ ಆಡಿದ ಮಾತಿಗೆ ಒಂದು ತೂಕ. ನಮ್ಮ ಸಲಕರಣೆಗಳ ಬಗ್ಗೆ ಅವರಿಗೆ ಬಹಳ ಕುತೂಹಲ. ಒಂದು ದಿನ ಜಲಾಶಯದ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಾಗ ಅವರು ಕೇಳಿದರು, “ಮೇಡಂರ, ನೀರಾಗ ಮುಳುಗಿದ ಜಾಗಾ ಎಲ್ಲೈತಿ ಅಂತ ನಿಮ್ಮ ಮಷೀನ ಹೇಳ್ತೈತೇನ್ರಿ?”

ಯಾವ ಜಾಗ ಎಂದು ಕೇಳಿದೆ. ಆಗ ವಿಷಯ ಹೊರಬಂತು.

ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪೇಟೆಯೂ ಸುತ್ತಲಿನ ಊರುಗಳೂ ನೀರಿನಡಿ ಹೋದವು. ದಾವಲಸಾಬರ ಊರು ಪೇಟೆಯಿಂದ ಮೇಲಕ್ಕೆ, ಒಂದು ಹಳ್ಳ ಬಂದು ಕಾಳಿಗೆ ಸೇರುವಲ್ಲಿತ್ತು. ನಾಲ್ಕಾರು ಮನೆ ಮುಸಲ್ಮಾನರದು, ಉಳಿದವು ಕಾಡಂಚಿನ ಕುಣಬಿ ಜನರದು. ಅವರ ತಂದೆಗೆ ಅಲ್ಲಿ ಒಂದು ಕಿರಾಣಿ ಅಂಗಡಿ ಇತ್ತಂತೆ. ನೀರು ತುಂಬುವ ಒಂದೆರಡು ವರ್ಷ ಮೊದಲು ದಾವಲಸಾಬರ ತಂಗಿ ಜೈತೂನ, ಮೂರು ವರ್ಷದ ಕೂಸು, ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಹಳ್ಳ ತುಂಬಿ ಹರಿಯುತ್ತಿತ್ತು, ಸೂಪಾದ ದವಾಖಾನೆಗೆ ಒಯ್ಯಲಾಗಲಿಲ್ಲ. ಊರ ಹೊರಗಿನ ಕಬರಸ್ತಾನದಲ್ಲಿ ಹುಗಿದರು. ಆಮೇಲೆ ಊರು ಖಾಲಿಯಾಯಿತು, ಸಂಸಾರ ದಾಂಡೇಲಿಗೆ ಬಂತು, ತಂದೆಗೆ ಕಾರ್ಖಾನೆಯಲ್ಲಿ ಕೆಲಸವಾಯಿತು. ತಂದೆ ಈಗಿಲ್ಲ. ತಾಯಿ ಹುಸೇನಬಿ ಇದ್ದಾರೆ, ಎದೆಯ ಬೇನೆ, ಡಾಕ್ಟರು ಕೈಚೆಲ್ಲಿದ್ದಾರೆ.

“ಅಮ್ಮಾಗ ಒಂದ ಆಸೆ ರೀ,” ಎಂದರು ದಾವಲಸಾಬ. “ಅಕಿ ಖಬರಿನ ಮ್ಯಾಲಿನ ಮಣ್ಣ ಒಂದ ಹಿಡಿ ಬೇಕಂತ. ತಾನು ಹ್ವಾದ ಮ್ಯಾಲ ತನ್ನ ಖಬರನ್ಯಾಗ ಅದನ್ನ ಹಾಕ್ರಿ ಅಂತಾಳ. ಚೀಲಾನೂ ಹೊಲಕೊಂಡ ಕುಂತಾಳ. ಈ ವರ್ಷ ನೀರ ಇಳದೈತಿ. ಮುಂದಿನ ಬ್ಯಾಸಗಿತನಕ ಅಕಿ ಇರೂದಿಲ್ಲ.”

ನಾನು ನೋಡೋಣ ಎಂದೆ. ಹುಡುಕುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅಣೆಕಟ್ಟಿಗೂ ಮೊದಲಿನ ಟೋಪೋಶೀಟ್, ಅಂದರೆ ಸರ್ವೆಯವರ ಹಳೆಯ ನಕಾಶೆ, ನಮ್ಮಲ್ಲಿತ್ತು. ಅದರಲ್ಲಿ ಆ ಹಳ್ಳ, ಆ ಊರಿನ ಮನೆಗಳ ಚುಕ್ಕೆಗಳು, ಪಕ್ಕದಲ್ಲಿ ಸಮಾಧಿಗಳ ಗುರುತು ಎಲ್ಲ ಇದ್ದವು. ಆ ನಕಾಶೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ ಕಬರಸ್ತಾನದ ಅಕ್ಷಾಂಶ ರೇಖಾಂಶ ತೆಗೆದೆ. ಇಪ್ಪತ್ತು ಮೂವತ್ತು ಮೀಟರ್ ಆಚೀಚೆ ಆಗಬಹುದು. ಮೂರು ವರ್ಷದ ಕೂಸಿನ ಗೋರಿ ನಮ್ಮ ಒಂದು ಪಿಕ್ಸೆಲ್ಲಿನ ಮೂಲೆಯಲ್ಲಿ ಕಳೆದುಹೋಗುವಷ್ಟು ಸಣ್ಣದು, ಅದನ್ನೇ ತೋರಿಸುತ್ತೇನೆಂದು ನಾನು ಹೇಳುವಂತಿರಲಿಲ್ಲ. ಆದರೆ ಕಬರಸ್ತಾನ ತೋರಿಸಬಲ್ಲೆ. ನೀರು ಅದರಿಂದ ಎಷ್ಟು ಕೆಳಗಿಳಿದಿದೆ ಎಂದು ನೋಡಲು ಕೂತೆ. ಅಲ್ಲೇ ತೊಡಕು ಕಂಡಿತು.

ಅದನ್ನು ಅರ್ಥ ಮಾಡಿಕೊಳ್ಳಲು ಹೂಳು ಅಳೆಯುವ ರೀತಿ ತಿಳಿದಿರಬೇಕು. ಜಲಾಶಯದ ನೀರಿನ ಮಟ್ಟವನ್ನು ಅಣೆಕಟ್ಟಿನಲ್ಲಿ ದಿನವೂ ದಾಖಲು ಮಾಡುತ್ತಾರೆ. ಉಪಗ್ರಹ ಐದು ದಿನಕ್ಕೊಮ್ಮೆ ಮೇಲೆ ಹಾದುಹೋಗುತ್ತದೆ. ಅದು ಹಾದ ದಿನದ ಚಿತ್ರದಲ್ಲಿ ನೀರಿನ ಅಂಚು ಎಲ್ಲಿದೆಯೋ ಆ ಅಂಚಿನ ನೆಲ ಅಂದಿನ ನೀರಿನ ಮಟ್ಟದಷ್ಟೇ ಎತ್ತರ. ನೀರು ಇಳಿಯುತ್ತ ಹೋದಂತೆ ಒಂದೊಂದು ಅಂಚನ್ನೂ ಗೆರೆ ಎಳೆದುಕೊಂಡರೆ ಜಲಾಶಯದ ಹೊಟ್ಟೆಯ ಈಗಿನ ಆಕಾರ ಸಿಗುತ್ತದೆ. ಅದನ್ನು ಕಟ್ಟುವ ಮೊದಲಿನ ನಕಾಶೆಯ ಜೊತೆ ಹೋಲಿಸಿದರೆ ನಡುವೆ ಎಷ್ಟು ತುಂಬಿಕೊಂಡಿದೆ ಎಂದು ಗೊತ್ತಾಗುತ್ತದೆ. ಆ ತುಂಬಿಕೊಂಡದ್ದೇ ಹೂಳು.

ಹಳೆಯ ನಕಾಶೆಯ ಪ್ರಕಾರ ಕಬರಸ್ತಾನ ಇನ್ನೂ ನೀರಿನೊಳಗೇ ಇರಬೇಕಿತ್ತು. ಚಿತ್ರದಲ್ಲಿ ಆ ಜಾಗ ಒಣಗಿತ್ತು. ನೀರಿನ ಅಂಚು ಅದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಅಂದರೆ ಅಲ್ಲಿನ ನೆಲವೇ ಮೇಲೆದ್ದಿದೆ. ಮಳೆಗಾಲದಲ್ಲಿ ಕೆಂಪಗೆ ಹರಿದುಬರುವ ಹಳ್ಳ, ನಿಂತ ನೀರಿಗೆ ಸೇರುವಲ್ಲಿ ಓಟ ನಿಧಾನಿಸಿ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಸುಮಾರು ನಲವತ್ತು ಮಳೆಗಾಲಗಳ ಮಣ್ಣು. ಲೆಕ್ಕ ಮಾಡಿ ನೋಡಿದರೆ ಎರಡಾಳು ಮಟ್ಟದ ಹೂಳು ಆ ಕಬರಸ್ತಾನದ ಮೇಲೆ ಕೂತಿತ್ತು. ನಾನು ಅಳೆಯಲು ಬಂದ ಹೂಳೇ ಅದು.

ಲೆಕ್ಕವನ್ನು ಮತ್ತೊಮ್ಮೆ ಮಾಡಿದೆ, ತಪ್ಪಾಗಿರಲಿ ಎಂದು ಬಯಸುತ್ತ. ನನ್ನ ಇಡೀ ಸೇವೆಯಲ್ಲಿ ನನ್ನ ಲೆಕ್ಕ ತಪ್ಪಾಗಲಿ ಎಂದು ಬಯಸಿದ್ದು ಆವತ್ತೊಂದೇ ಸಲ.

ಮರುದಿನ ಜೀಪಿನಲ್ಲಿ ದಾವಲಸಾಬರಿಗೆ ಹೇಳಿದೆ. ಅವರು ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಅಂದರು, “ಅಮ್ಮಾಗ ಇದನ್ನೆಲ್ಲಾ ಹೇಳಬ್ಯಾಡ್ರಿ. ಬಾಜೂದಾಗ ದಿಬ್ಬ ಐತಲ್ರಿ, ಹಳೇ ನೆಲಾ ಕಾಣತೈತಿ. ಅಲ್ಲೆ ಕರಕೊಂಡ ಹೋಗೂಣು. ನೀವು ಮಷೀನ ಹಿಡದು ಇದ ಜಾಗಾ ಅಂದಬಿಡ್ರಿ. ಅಕಿ ನಂಬತಾಳ. ಒಂದ ಹಿಡಿ ಮಣ್ಣ ತಗೊಂಡ ಸಮಾಧಾನದಿಂದ ಹೋಗ್ತಾಳ.”

ನನ್ನ ಕೈಲಾಗುವುದಿಲ್ಲ ಎಂದೆ.

ಅವರಿಗೆ ಸಿಟ್ಟು ಬಂತು. “ಸಾಯೂ ಮುದಕಿ ರೀ ಅಕಿ. ನಿಮ್ಮ ನಕಾಶೆದಾಗ ಒಂದ ಚುಕ್ಕಿ ಆಚೀಚೆ ಆದ್ರ ಯಾರಿಗೇನ ಲುಕ್ಸಾನು?”

“ನಕಾಶಿದ ಮಾತಲ್ರಿ ದಾವಲಸಾಬರ,” ಎಂದೆ. “ನನ್ನ ಕೈಲೆ ಮಗಳ ಜಾಗಾ ಇದ ಅಂತ ಸುಳ್ಳ ತೋರ್ಸಾಕ ಆಗೂದಿಲ್ಲ. ಬ್ಯಾಡ ಅಂದ್ರ ನಾ ಏನೂ ಹೇಳೂದಿಲ್ಲ. ಕರಕೊಂಡ ಹೋಗೂದು ಬಿಡೂದು ನಿಮಗ ಬಿಟ್ಟದ್ದು.”

ಅವರು ಗಾಡಿ ಚಾಲೂ ಮಾಡಿದರು. ಆಮೇಲೆ ಕೆಲವು ದಿನ ಕೆಲಸದ ಮಾತು ಬಿಟ್ಟರೆ ನಮ್ಮ ನಡುವೆ ಬೇರೆ ಮಾತಿರಲಿಲ್ಲ. ನನಗೂ ನೆಮ್ಮದಿ ಇರಲಿಲ್ಲ. ಒಬ್ಬ ತಾಯಿಯ ಕೊನೆಯ ಆಸೆಗಿಂತ ನನ್ನ ಬಿಂದು ದೊಡ್ಡದೇ ಎಂದು ವಸತಿಗೃಹದ ಮಂಚದ ಮೇಲೆ ಕೂತು ನನ್ನನ್ನೇ ಕೇಳಿಕೊಂಡೆ. ಕಲ್ಲು ಮನಸ್ಸಿನವಳು ಎಂದು ನನ್ನ ಕಚೇರಿಯವರು ಆಡಿಕೊಳ್ಳುವುದು ನಿಜವೇ ಇರಬೇಕು ಅನ್ನಿಸಿತು.

ಹುಸೇನಬಿಯವರೇ ನನ್ನನ್ನು ಕರೆಸಿದರು. ಮಗ ಗ್ಯಾರೇಜಿನಲ್ಲಿದ್ದ ಹೊತ್ತು ನೋಡಿ ಸೊಸೆಯ ಕೈಯಲ್ಲಿ ಫೋನು ಮಾಡಿಸಿದ್ದರು. ಹೋದೆ. ಎರಡು ಕೋಣೆಯ ಮನೆ, ಹೊಸ್ತಿಲಲ್ಲಿ ಚಪ್ಪಲಿಗಳು, ಒಳಗೆ ಮಂಚದ ಮೇಲೆ ದಿಂಬಿಗೆ ಒರಗಿಕೊಂಡು ಸಣ್ಣ ಮೈಯ ಒಬ್ಬ ಮುದುಕಿ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಸೊಸೆ ಚಹಾ ಕೊಟ್ಟು ಒಳಗೆ ಹೋದಮೇಲೆ ಕೇಳಿದರು, “ಬೇಟಿ, ನನ್ನ ಮಗ ಮಾರಿ ಕೊಟ್ಟ ಮಾತಾಡವಲ್ಲ. ಜಾಗಾ ಸಿಕ್ಕೈತಿ, ಖರೆ. ಮುಂದಿಂದು ಹೇಳವಲ್ಲ. ನೀ ಹೇಳು.”

ಮಗನಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಆಕೆ ನನ್ನ ಕಣ್ಣೊಳಗೇ ನೋಡುತ್ತಿದ್ದರು. ಹೇಳಿದೆ. ಊರಿದ್ದ ಜಾಗದ ಮೇಲೆ ಹೂಳು ಕೂತಿದೆ, ಮಗಳಿರುವ ನೆಲ ಎರಡಾಳು ಕೆಳಗಿದೆ, ಅಲ್ಲಿಗೆ ಹೋದರೂ ಸಿಗುವುದು ನಿಮ್ಮೂರ ಮಣ್ಣಲ್ಲ ಎಂದೆ.

ಹುಸೇನಬಿ ಅಳಲಿಲ್ಲ. ಸೀರೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು. “ಆ ಮಣ್ಣ ಯಾವೂರದು?” ಎಂದು ಕೇಳಿದರು.

“ಮ್ಯಾಲಿನ ಗುಡ್ಡದ್ದು ಅಮ್ಮಾ. ಮಳಿಗಾಲದಾಗ ಹಳ್ಳ ತಂದ ಹಾಕೇತಿ.”

“ಹಂಗಾರ ಅಕಿ ಬಯಲಿಗೆ ಬಿದ್ದಿಲ್ಲ, ಮಣ್ಣಿನ ಒಳಗ ಅದಾಳ.” ಅವರು ನನ್ನ ಕೈಯನ್ನು ಮತ್ತೆ ಹಿಡಿದುಕೊಂಡರು. “ನೀರ ಬಂದಾಗ ಮಂದಿ ಏನೇನೋ ಅಂತಿದ್ರು. ಖಬರ್ ಒಡದಾವು, ಹೊಳಿ ಎಲ್ಲಾರನೂ ಎಳಕೊಂಡ ಹೋಗೇತಿ ಅಂತಿದ್ರು. ಇಷ್ಟ ವರ್ಷ ನಾ ಅದನ್ನ ನೆನಸಿಕೊಂಡ ಕುಂತೇನಿ, ಬೇಟಿ. ಮೀನಾ ತಿನ್ನೂದನ್ನ ಬಿಟ್ಟೇನಿ.”

ನಿಜ ಹೇಳಬೇಕೆಂದರೆ ಆಕೆ ಅಂದದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಹೂಳು ಕೂರುವ ಮೊದಲು, ಮೊದಲ ಮಳೆಗಾಲದ ನೀರು ಆ ಸಣ್ಣ ಗೋರಿಯನ್ನು ಏನು ಮಾಡಿತೋ ಯಾವ ಚಿತ್ರವೂ ಹೇಳುವುದಿಲ್ಲ. ಆಕೆ ಅದನ್ನು ನನ್ನಿಂದ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವರೇ ಮಾತು ಮುಂದುವರಿಸಿದರು. ಮಗಳು ಹೋದ ದಿನ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟರಂತೆ. ಅವರಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ, ಹೊಸ್ತಿಲತನಕ ಮಾತ್ರ. ಗಂಡಸರು ಹೋಗಿ ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಕೊಟ್ಟು ಬಂದರು. ಐದು ವರ್ಷದ ದಾವಲ ಕೂಡ ಚಿಕ್ಕಪ್ಪನ ಹೆಗಲ ಮೇಲೆ ಕೂತು ಹೋಗಿದ್ದ. “ಹೆತ್ತಾಕಿ ನಾನು. ಎಲ್ಲಾರೂ ಮಣ್ಣ ಕೊಟ್ರು, ನಾನೊಬ್ಬಾಕಿ ಕೊಡಲಿಲ್ಲ,” ಎಂದರು. ಖಬರು ಎಲ್ಲಿದೆ ಎಂದು ಗಂಡ ಕೈಸನ್ನೆ ಮಾಡಿ ಹೇಳಿದ್ದನ್ನು ಬಿಟ್ಟರೆ ಆಕೆ ಅದನ್ನು ಕಣ್ಣಾರೆ ನೋಡಿಯೇ ಇರಲಿಲ್ಲ.

ನಮ್ಮ ಲಿಂಗಾಯತರಲ್ಲೂ ಹುಗಿಯುವುದೇ ಪದ್ಧತಿ. ಯಾರಾದರೂ ತೀರಿಕೊಂಡರೆ “ಮಣ್ಣಿಗೆ ಹೋಗಿದ್ದೆ” ಎನ್ನುತ್ತೇವೆ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳೂ ಹೋಗುತ್ತೇವೆ. ನಮ್ಮವ್ವ ಹೋದಾಗ ಹಳಿಯಾಳದಲ್ಲಿ ನಾನೇ ಕುಣಿಯ ಅಂಚಿನಲ್ಲಿ ನಿಂತು ಮಣ್ಣು ಕೊಟ್ಟಿದ್ದೆ. ಆ ಒದ್ದೆ ಮಣ್ಣು ಎಷ್ಟೋ ದಿನ ಬೆರಳ ಸಂದಿಯಲ್ಲೇ ಇದ್ದಂತೆ ಅನ್ನಿಸುತ್ತಿತ್ತು. ಅದು ನನಗೆ ಸಿಕ್ಕಿತ್ತು, ಈ ತಾಯಿಗೆ ಸಿಕ್ಕಿರಲಿಲ್ಲ.

“ನನ್ನ ಅಲ್ಲಿಗೆ ಕರಕೊಂಡ ಹೋಗು,” ಎಂದರು ಹುಸೇನಬಿ. “ಎಷ್ಟ ಕೆಳಗರ ಇರಲಿ ಅಕಿ.”

ಆ ಸಂಜೆ ದಾವಲಸಾಬ ನನ್ನ ವಸತಿಗೃಹದ ಬಾಗಿಲಿಗೆ ಬಂದರು. ತಾಯಿ ಎಲ್ಲ ಹೇಳಿದ್ದರು. ಜಗಳ ಮಾಡಲು ಬಂದರೆಂದುಕೊಂಡೆ. “ಯಾವತ್ತ ಹೋಗೂಣ್ರಿ?” ಎಂದಷ್ಟೇ ಕೇಳಿದರು.

ತಕ್ಷಣ ಹೋಗುವಂತಿರಲಿಲ್ಲ. ಹೂಳಿನ ನೆಲ ಮೋಸದ್ದು. ಮೇಲೆ ಬಿರುಕು ಬಿಟ್ಟು ಒಣಗಿದ ಹಾಗೆ ಕಂಡರೂ ಕೆಳಗೆ ಮೊಸರಿನ ಹಾಗಿರುತ್ತದೆ, ದನಗಳು ಹೂತುಹೋಗಿ ಸತ್ತದ್ದುಂಟು. ಇಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಇನ್‌ಫ್ರಾರೆಡ್ಡಿನಲ್ಲೇ ಇನ್ನೂ ಆಚೆಗಿನ ಒಂದು ಪಟ್ಟಿ ಇದೆ, ಅದು ಮಣ್ಣಿನ ಪಸೆಗೆ ಬಲು ಸೂಕ್ಷ್ಮ. ಹಸಿ ಇದ್ದಲ್ಲಿ ಕಪ್ಪು, ಒಣಗಿದಂತೆ ಬೆಳ್ಳಗಾಗುತ್ತದೆ. ಉಪಗ್ರಹ ಹಾದುಹೋದಾಗಲೆಲ್ಲ ಹೊಸ ಚಿತ್ರ ತೆಗೆದು ನೋಡುತ್ತ ಕೂತೆ. ಅದು ಹೇಳುವುದೂ ಮೇಲ್ಪದರದ ಮಾತು ಮಾತ್ರ. ಹಾಗಾಗಿ ಚಿತ್ರ ಪೂರ್ತಿ ಬೆಳ್ಳಗಾದ ಮೇಲೆ ನಾನೂ ದಾವಲಸಾಬರೂ ಮೊದಲು ಹೋಗಿ, ಉದ್ದನೆಯ ಬಿದಿರು ಕೋಲಿನಿಂದ ಹೆಜ್ಜೆಹೆಜ್ಜೆಗೂ ಚುಚ್ಚಿ ನೋಡಿ, ಗಟ್ಟಿ ದಾರಿಗೆ ಸುಣ್ಣದ ಗುರುತು ಹಾಕಿ ಬಂದೆವು. ಜಲಾಶಯದೊಳಗೆ ಇಳಿಯಲು ಬೇಕಾದ ಅನುಮತಿ ನಮ್ಮ ಸರ್ವೆಗೆ ಮೊದಲೇ ಇತ್ತು.

ಮುಂಗಾರಿಗೆ ಮೊದಲು ಒಂದು ಬೆಳಿಗ್ಗೆ ಹೊರಟೆವು. ಜೀಪಿನ ಹಿಂದಿನ ಸೀಟಿನಲ್ಲಿ ಹುಸೇನಬಿ ನನ್ನ ಹೆಗಲಿಗೆ ಒರಗಿ ಕೂತಿದ್ದರು. ಕೈಯಲ್ಲಿ ಹಸಿರು ಬಟ್ಟೆಯ ಒಂದು ಪುಟ್ಟ ಚೀಲ. ಕಾಡಿನ ದಾರಿ ಮುಗಿದು ಜಲಾಶಯ ಕಂಡಾಗ ಅವರು “ಇಷ್ಟ ಬಯಲೇನು?” ಎಂದರು. ಊರು ಬಿಟ್ಟ ಮೇಲೆ ಅವರು ಈ ಕಡೆ ಬಂದಿರಲೇ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಬೂದು ಬಣ್ಣದ ಬಿರಿದ ನೆಲ. ನಡುವೆ ಅಲ್ಲಲ್ಲಿ ಹಳೆಯ ಮರಗಳ ಬೊಡ್ಡೆ. ಮನೆ ಇಲ್ಲ, ಅಂಗಡಿ ಇಲ್ಲ, ದಾರಿ ಇಲ್ಲ.

ಕೊನೆಯ ಸ್ವಲ್ಪ ದೂರವನ್ನು ದಾವಲಸಾಬ ತಾಯಿಯನ್ನು ಎತ್ತಿಕೊಂಡೇ ನಡೆದರು. ನಾನು ಮುಂದೆ ಜಿಪಿಎಸ್ ಹಿಡಿದು ಹೋದೆ. ಅಂಕಿ ಸರಿ ಬಂದ ಕಡೆ ನಿಂತೆ. ಎಷ್ಟು ವರ್ಷ ಹೀಗೆ ಬಿಂದುಗಳ ಮೇಲೆ ನಿಂತಿದ್ದೇನೋ. ಕಾಲು ಊರಲು ಹಿಂಜರಿದದ್ದು ಅದೊಂದೇ ಕಡೆ. ಚಪ್ಪಲಿ ಬಿಟ್ಟೆ.

“ಅಮ್ಮಾ, ಇಲ್ಲೆ,” ಎಂದೆ. “ಇಲ್ಲಿಂದ ಸುತ್ತಮುತ್ತ ಇಪ್ಪತ್ತ ಮೂವತ್ತ ಹೆಜ್ಜಿಯೊಳಗ ಕಬರಸ್ತಾನ. ನಿಖರ ಅಕಿ ಜಾಗಾ ನನಗ ಹೇಳಾಕ ಬರೂದಿಲ್ಲ.”

“ಕೆಳಗ?”

“ಹೌದಮ್ಮಾ. ಕೆಳಗ.”

ಮಗ ಆಕೆಯನ್ನು ಮೆಲ್ಲಗೆ ಇಳಿಸಿದರು. ಹುಸೇನಬಿ ಕೂತುಕೊಂಡು, ಬಿಸಿಲಿಗೆ ಆಗಲೇ ಕಾಯುತ್ತಿದ್ದ ಆ ನೆಲದ ಮೇಲೆ ಎರಡೂ ಅಂಗೈ ಊರಿ, ತಲೆ ಬಗ್ಗಿಸಿ ಏನೋ ಓದಿಕೊಂಡರು. ಮುಗಿದ ಮೇಲೆ ದಾವಲಸಾಬ ಹಸಿರು ಚೀಲವನ್ನು ಬಿಚ್ಚಿ ಹಿಡಿದರು, ಸುಮ್ಮನೆ ಒಂದು ಹಿಡಿ ಹಾಕಿಕೊಳ್ಳಲಿ ಎಂಬಂತೆ. ಆಕೆ ತಲೆಯಾಡಿಸಿದರು.

“ಇದು ನಮ್ಮೂರ ಮಣ್ಣಲ್ಲ. ಒಯ್ದು ಏನ ಮಾಡ್ಲಿ?”

ಆಮೇಲೆ ಬಿರುಕಿನಿಂದ ಒಂದು ಹೆಂಟೆ ಎಬ್ಬಿಸಿ, ಅಂಗೈಯಲ್ಲಿ ಹಿಡಿದು ಪುಡಿ ಮಾಡತೊಡಗಿದರು. ಏನು ಮಾಡಲು ಹೊರಟಿದ್ದಾರೆಂದು ಮಗನಿಗೆ ನನಗಿಂತ ಮೊದಲು ಗೊತ್ತಾಯಿತು. “ಅಮ್ಮಾ, ಹೆಂಗಸರು ಕೊಡೂದಿಲ್ಲಮ್ಮಾ,” ಎಂದರು, ಬಹಳ ಮೆತ್ತಗೆ.

“ಅವತ್ತ ಗಂಡಸರಿದ್ರು, ಕೊಟ್ರು,” ಎಂದರು ಹುಸೇನಬಿ. “ಇವತ್ತ ಕೊಡಾಕ ಉಳದಾಕಿ ನಾನೊಬ್ಬಾಕಿ.”

ಪುಡಿ ಮಾಡಿದ ಮಣ್ಣನ್ನು ನೆಲದ ಮೇಲೆ ಬಿಟ್ಟರು. ಒಂದು ಹಿಡಿ. ಮತ್ತೊಂದು ಹೆಂಟೆ ಪುಡಿ ಮಾಡಲು ಕೈಯಲ್ಲಿ ಕಸುವಿರಲಿಲ್ಲ. ದಾವಲಸಾಬ ಮುಂದೆ ಕೂತು ಹೆಂಟೆ ಒಡೆದು ತಾಯಿಯ ಬೊಗಸೆಗೆ ಹಾಕಿದರು. ಎರಡು. ಮೂರು. ಮೂರನೆಯದನ್ನು ಬಿಡುವಾಗ ಆಕೆ “ಜೈತೂನ” ಎಂದು ಕರೆದರು, ಅಂಗಳದಲ್ಲಿ ಆಡುತ್ತಿರುವ ಕೂಸನ್ನು ಒಳಗೆ ಕರೆಯುವ ಹಾಗೆ. ಆಗ ಅತ್ತರು. ಮಗನೂ ಅತ್ತರು. “ನಾ ಕೊಟ್ಟಿದ್ದೆನಮ್ಮಾ. ನನ್ನ ಮುಷ್ಟಿ ಇಷ್ಟ ಇತ್ತು,” ಎಂದು ಕೈ ತೋರಿಸಿದರು. ನಾನು ಸ್ವಲ್ಪ ದೂರ ಹೋಗಿ ಬೆನ್ನು ಮಾಡಿ ನಿಂತೆ. ನನ್ನ ಕಣ್ಣುಗಳೂ ತುಂಬಿದ್ದವು, ಅದನ್ನು ಮುಚ್ಚಿಡುವುದೇನಿದೆ.

ಖಾಲಿ ಚೀಲ ಆಕೆಯ ಕೈಯಲ್ಲೇ ವಾಪಸ್ ಬಂತು. ದಾರಿಯುದ್ದಕ್ಕೂ ಅವರು ನಿದ್ದೆ ಮಾಡಿದರು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಜುಲೈ ಪೂರ್ತಿ ಮೋಡ. ಮೋಡದಾಚೆಗೆ ನಮ್ಮ ಕ್ಯಾಮೆರಾಗಳಿಗೆ ಏನೂ ಕಾಣುವುದಿಲ್ಲ. ಮೋಡ ಹರಿದ ಮೇಲೆ ಬಂದ ಮೊದಲ ಚಿತ್ರದಲ್ಲಿ ಆ ಜಾಗ ಕಪ್ಪಗಾಗಿತ್ತು. ನಾನು ವರದಿ ಮುಗಿಸಿ ಒಪ್ಪಿಸಿದೆ. ಗ್ರೌಂಡ್ ಟ್ರುತ್ ಬಿಂದುಗಳ ಪಟ್ಟಿಯಲ್ಲಿ ಆ ಬಿಂದುವೂ ಇದೆ. ಅದರ ಎದುರಿಗೆ “ಒಣ ಹೂಳು” ಎಂದು ಬರೆದಿದ್ದೇನೆ. ಶಾಲು ಹೊದಿಸಿಕೊಂಡು ಮನೆಗೆ ಬಂದೆ.

ಚಳಿಗಾಲದಲ್ಲಿ ಹುಸೇನಬಿ ಹೋದರೆಂದು ಫೋನು ಬಂತು. ಧಾರವಾಡದಿಂದ ಬಸ್ಸು ಹಿಡಿದು ಹಳಿಯಾಳದ ಮೇಲೆ ದಾಂಡೇಲಿಗೆ ಹೋಗುವಷ್ಟರಲ್ಲಿ ಎಲ್ಲ ಸಿದ್ಧವಾಗಿತ್ತು. ಮನೆಯೊಳಗೆ ಹೆಂಗಸರು ನನಗೂ ಜಾಗ ಮಾಡಿಕೊಟ್ಟರು. ಹುಸೇನಬಿಯವರ ಮುಖ ನೋಡಿದೆ. ಗಂಡಸರು ಹೆಗಲು ಕೊಟ್ಟು ಎತ್ತಿದರು. ಹೆಂಗಸರೆಲ್ಲ ಹೊಸ್ತಿಲತನಕ ಹೋಗಿ ನಿಂತರು, ನಾನೂ ನಿಂತೆ. ಬೀದಿಯ ತಿರುವಿನಲ್ಲಿ ಶವದ ಮಂಚ ಮರೆಯಾಯಿತು. ಮಣ್ಣಿಗೆ ಬಂದು ಮಣ್ಣು ಕೊಡದೆ ಉಳಿದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ತಾಯಿ ಅಷ್ಟು ವರ್ಷ ಇದನ್ನು ಹೊತ್ತುಕೊಂಡಿದ್ದರು ಎಂದು ಆಗ ಸರಿಯಾಗಿ ಅರ್ಥವಾಯಿತು.

ವಾಪಸ್ ಬಂದ ದಾವಲಸಾಬ ನನ್ನನ್ನು ಕಂಡು ಹತ್ತಿರ ಬಂದರು. ಮಣ್ಣು ಕೊಟ್ಟ ಕೈ ತೊಳೆದಿರಲಿಲ್ಲ.

“ಮೇಡಂರ, ಅವತ್ತ ನೀವು ನಾ ಹೇಳಿದಂಗ ಕೇಳಿದ್ರ, ಇವತ್ತ ಆ ದಿಬ್ಬದ ಮಣ್ಣ ನಾನ ಅಮ್ಮಾನ ಖಬರನ್ಯಾಗ ಹಾಕಬೇಕಾಗಿತ್ರಿ,” ಎಂದರು. “ಅದು ಜೈತೂನಂದಲ್ಲ ಅಂತ ಅಲ್ಲಿ ನಿಂತ ಮಂದ್ಯಾಗ ನನಗೊಬ್ಬಗ ಗೊತ್ತಿರತಿತ್ತು.”

ನಿಲ್ಲದ ಬಿಂದುವನ್ನು ಗುರುತು ಮಾಡಬಾರದು ಎಂದು ನನ್ನ ಕೈಕೆಳಗಿನವರಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಯಾಕೆ ಎಂದು ಕೇಳಿದರೆ ನಕಾಶೆ ಕೆಡುತ್ತದೆ ಎನ್ನುತ್ತಿದ್ದೆ. ಈಗ ಯಾರಾದರೂ ಕೇಳಿದರೆ ನನಗೆ ದಾವಲಸಾಬರ ಆ ತೊಳೆಯದ ಕೈಗಳು ನೆನಪಾಗುತ್ತವೆ.